ಮೂರು ಸೆಕೆಂಡಿನ ಮೋಟಾರು

ಪುಣೆಯ ಭೋಸರಿ ಇರಲಿ, ಮುಂಬಯಿಯ ಕುರ್ಲಾ ಇರಲಿ, ಚೆನ್ನೈನ ಪಾಡಿ ಇರಲಿ, ಆಟೊ ಎಲೆಕ್ಟ್ರಿಷಿಯನ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಒಂದು ಪದ ಕಿವಿಗೆ ಬಿದ್ದೇ ಬೀಳುತ್ತದೆ. ಸುತ್ತಲಿನ ಮಾತು ಮರಾಠಿ, ಹಿಂದಿ, ತಮಿಳು ಯಾವುದಾದರೂ ಆಗಿರಲಿ, ಆ ಪದ ಮಾತ್ರ ‘ಸೆಲ್ಫ್’. ‘ಸೆಲ್ಫ್ ನಹೀ ಉಠಾ ರಹಾ’ ಎನ್ನುತ್ತಾನೆ ಕುರ್ಲಾದವನು. ‘ಸೆಲ್ಫ್ ತಗೋತಿಲ್ಲ’ ಎನ್ನುತ್ತೇವೆ ನಾವು.

ಕಳೆದ ತಿಂಗಳು ಇದೇ ಅಂಕಣದಲ್ಲಿ ಕಾರಿನ ಬ್ಯಾಟರಿಯ ಬಗ್ಗೆ ಬರೆದಿದ್ದೆ. ಅದನ್ನೋದಿದ ಥಾಣೆಯ ಓದುಗರೊಬ್ಬರು ಎರಡು ಪ್ರಶ್ನೆ ಕಳಿಸಿದ್ದಾರೆ. ಸ್ಟಾರ್ಟರ್ ಮೋಟಾರಿಗೆ ಸೆಲ್ಫ್ ಎಂಬ ಹೆಸರು ಯಾಕೆ? ಅಂಗೈ ಮೇಲೆ ಇಟ್ಟುಕೊಳ್ಳಬಹುದಾದಷ್ಟು ಸಣ್ಣ ಮೋಟಾರು ಅಷ್ಟು ದೊಡ್ಡ ಎಂಜಿನ್ನನ್ನು ತಿರುಗಿಸುವುದಾದರೂ ಹೇಗೆ?

ಮೊದಲನೆಯದಕ್ಕೆ ಉತ್ತರ ಸುಲಭ. ನೂರು ವರ್ಷಗಳ ಹಿಂದೆ ಕಾರನ್ನು ಚಾಲೂ ಮಾಡಲು ಇನ್ನೊಬ್ಬನ ತೋಳು ಬೇಕಿತ್ತು. ಆ ತೋಳಿಲ್ಲದೆ ತಾನೇ ಚಾಲೂ ಆಗುವ ವ್ಯವಸ್ಥೆಗೆ ‘ಸೆಲ್ಫ್ ಸ್ಟಾರ್ಟರ್’ ಎಂದು ಹೆಸರಿಟ್ಟರು. ಸ್ಟಾರ್ಟರ್ ಉದುರಿಹೋಗಿ ನಮ್ಮ ಗ್ಯಾರೇಜುಗಳಲ್ಲಿ ಸೆಲ್ಫ್ ಮಾತ್ರ ಉಳಿದಿದೆ. ಎರಡನೆಯ ಪ್ರಶ್ನೆಯನ್ನು 1910ರ ಸುಮಾರಿಗೆ ಅಮೆರಿಕದ ಎಂಜಿನಿಯರುಗಳೂ ಕೇಳುತ್ತಿದ್ದರು. ಬಹಳ ಮಂದಿ ಅದು ಆಗದ ಕೆಲಸ ಎಂದೇ ನಂಬಿದ್ದರು. ಅದು ಆಗಿದ್ದು ಹೇಗೆಂಬುದಕ್ಕೆ ಸ್ವಲ್ಪ ಜಾಗ ಬೇಕು.

ಪೆಟ್ರೋಲ್ ಎಂಜಿನ್ನಿನ ಹುಟ್ಟುಗುಣವೊಂದಿದೆ. ಅದು ನಿಂತಲ್ಲಿಂದ ತಾನಾಗಿ ಹೊರಡುವುದಿಲ್ಲ. ಉಗಿ ಎಂಜಿನ್ನಿಗೆ ಉಗಿ ಬಿಟ್ಟರೆ ಹೊರಟೀತು, ವಿದ್ಯುತ್ ಮೋಟಾರಿಗೆ ಸ್ವಿಚ್ ಹಾಕಿದರೆ ಹೊರಟೀತು. ಪೆಟ್ರೋಲ್ ಎಂಜಿನ್ ಮೊದಲು ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳಬೇಕು, ಅದನ್ನು ಒತ್ತಬೇಕು, ಆಮೇಲೆ ಕಿಡಿ ಹತ್ತಬೇಕು. ಈ ಮೊದಲ ಸುತ್ತನ್ನು ಯಾರಾದರೂ ಹೊರಗಿನವರು ತಿರುಗಿಸಿಕೊಡಬೇಕು. ಅದಕ್ಕೇ ಹ್ಯಾಂಡಲ್.

ಹ್ಯಾಂಡಲ್ ಹೊಡೆಯುವುದನ್ನು ನಾನು ಸಣ್ಣವನಿದ್ದಾಗ ಕಣ್ಣಾರೆ ಕಂಡಿದ್ದೇನೆ. ನಮ್ಮ ಸೋದರಮಾವ ಹುಬ್ಬಳ್ಳಿ-ಗದಗದ ನಡುವೆ ಒಂದು ಹಳೆಯ ಪೆಟ್ರೋಲ್ ಲಾರಿ ಓಡಿಸುತ್ತಿದ್ದರು. ಚಳಿಗಾಲದ ಬೆಳಿಗ್ಗೆ ಬ್ಯಾಟರಿ ಕೈಕೊಟ್ಟರೆ ಕ್ಲೀನರ್ ಮುಂದೆ ನಿಂತು ಹ್ಯಾಂಡಲ್ ಹಾಕುತ್ತಿದ್ದ. ನಾನೂ ಒಂದು ಕೈ ನೋಡುತ್ತೇನೆಂದು ಹಟ ಹಿಡಿದಾಗ ಮಾಮಾ ಕೈ ಹಿಡಿದು ತೋರಿಸಿದ್ದರು: ‘ಹೆಬ್ಬಟ್ಟು ಸುತ್ತಬ್ಯಾಡ ತಮ್ಮಾ, ಐದೂ ಬೆರಳು ಒಂದ ಕಡೆ ಇರಲಿ. ಕೆಳಗ ಒತ್ತಬ್ಯಾಡ, ಮ್ಯಾಲ ಜಗ್ಗು.’ ಯಾಕೆಂದು ಕೇಳಿದರೆ, ‘ತಿರುಗಿ ಒದಿತೈತಿ’ ಎಂದಷ್ಟೇ ಉತ್ತರ.

ತಿರುಗಿ ಒದೆಯುವುದರ ಗುಟ್ಟು ಕಿಡಿಯ ಸಮಯದಲ್ಲಿದೆ. ಎಂಜಿನ್ ಜೋರಾಗಿ ಓಡುತ್ತಿರುವಾಗ ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕಿಂತ ಸ್ವಲ್ಪ ಮುಂಚೆಯೇ ಕಿಡಿ ಹತ್ತಬೇಕು, ಏಕೆಂದರೆ ಬೆಂಕಿ ಪಸರಿಸಲು ಸಮಯ ಬೇಕು. ಕೈಯಲ್ಲಿ ತಿರುಗಿಸುವಾಗ ಪಿಸ್ಟನ್ ಆಮೆಯ ಹಾಗೆ ಏರುತ್ತಿರುತ್ತದೆ. ಆಗಲೂ ಕಿಡಿ ಮುಂಚೆಯೇ ಹತ್ತಿದರೆ ಇನ್ನೂ ಏರುತ್ತಿರುವ ಪಿಸ್ಟನ್ನನ್ನು ಸ್ಫೋಟ ಕೆಳಕ್ಕೆ ತಳ್ಳುತ್ತದೆ. ಎಂಜಿನ್ ಉಲ್ಟಾ ತಿರುಗುತ್ತದೆ, ಅದರ ಜೊತೆ ಹ್ಯಾಂಡಲ್ ಕೂಡ. ಹಿಡಿದವನ ಮಣಿಕಟ್ಟು ಅದರ ದಾರಿಯಲ್ಲಿರುತ್ತದೆ. ಆಗಿನ ಕಾರುಗಳಲ್ಲಿ ಕಿಡಿಯನ್ನು ಹಿಂದು ಮುಂದು ಮಾಡಲು ಸ್ಟೀರಿಂಗಿನ ಹತ್ತಿರ ಒಂದು ಸಣ್ಣ ಸನ್ನೆ ಇರುತ್ತಿತ್ತು. ಚಾಲೂ ಮಾಡುವ ಮೊದಲು ಅದನ್ನು ಹಿಂದಕ್ಕೆ ತರಬೇಕು. ಮರೆತರೆ ಕೈ ಮುರಿಯಿತೆಂದೇ ಲೆಕ್ಕ.

ಇದು ಅಪರೂಪದ ಅಪಘಾತವಾಗಿರಲಿಲ್ಲ. ಮಣಿಕಟ್ಟಿನ ಬಳಿ, ಹೆಬ್ಬೆರಳಿನ ಪಕ್ಕದ ಎಲುಬಿನ ತುದಿ ಮುರಿಯುವುದಕ್ಕೆ ಮೂಳೆ ವೈದ್ಯರು ಇವತ್ತಿಗೂ ‘ಶೋಫರ್ಸ್ ಫ್ರ್ಯಾಕ್ಚರ್’ ಎನ್ನುತ್ತಾರೆ. ಶೋಫರ್ ಎಂದರೆ ಸಂಬಳದ ಡ್ರೈವರ್. ಧಣಿ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದ, ಹ್ಯಾಂಡಲ್ ಹೊಡೆದು ಕೈ ಮುರಿದುಕೊಳ್ಳುವವನು ಡ್ರೈವರ್. ಯಾರ ಕೈ ಹೆಚ್ಚು ಮುರಿಯುತ್ತಿತ್ತು ಎಂಬುದಕ್ಕೆ ಆ ಹೆಸರಿಗಿಂತ ಬೇರೆ ಸಾಕ್ಷಿ ಬೇಡ.

ಸೆಲ್ಫಿನ ಕಥೆ ಹೇಳುವವರೆಲ್ಲ ಸಾಮಾನ್ಯವಾಗಿ ಬೇರೊಬ್ಬನಿಂದ ಆರಂಭಿಸುತ್ತಾರೆ. 1910ರ ಚಳಿಗಾಲ, ಡೆಟ್ರಾಯಿಟಿನ ಬೆಲ್ ಐಲ್ ಸೇತುವೆ. ಒಬ್ಬ ಹೆಂಗಸಿನ ಕಾರು ಸೇತುವೆಯ ಮೇಲೆ ನಿಂತುಹೋಗಿದೆ. ದಾರಿಯಲ್ಲಿ ಬರುತ್ತಿದ್ದ ಬೈರನ್ ಕಾರ್ಟರ್ ಎಂಬ ಕಾರು ತಯಾರಕ ಇಳಿದು ಹ್ಯಾಂಡಲ್ ಹೊಡೆಯುತ್ತಾನೆ. ಕಿಡಿಯ ಸನ್ನೆ ಮುಂದಿದೆ. ಹ್ಯಾಂಡಲ್ ತಿರುಗಿ ಬಂದು ದವಡೆಗೆ ಬಡಿಯುತ್ತದೆ, ಕೆಲ ದಿನಗಳಲ್ಲಿ ಆತ ಸಾಯುತ್ತಾನೆ. ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್ ಅವನ ಗೆಳೆಯ. ಇನ್ನು ಮುಂದೆ ನನ್ನ ಕಾರು ಯಾರನ್ನೂ ಕೊಲ್ಲಬಾರದೆಂದು ಲೆಲ್ಯಾಂಡ್ ಪಣ ತೊಡುತ್ತಾನೆ.

ಕಥೆ ಚೆನ್ನಾಗಿದೆ. ತೊಂದರೆ ಒಂದೇ: ಕಾರ್ಟರ್ ಸತ್ತಿದ್ದು 1908ರ ಏಪ್ರಿಲಿನಲ್ಲಿ, ನ್ಯುಮೋನಿಯಾದಿಂದ. 1910ರ ಚಳಿಗಾಲದಲ್ಲಿ ಸೇತುವೆಯ ಮೇಲೆ ಇಳಿಯಲು ಆತ ಇರಲಿಲ್ಲ. ಹ್ಯಾಂಡಲ್ ಪೆಟ್ಟಿಗೂ ಅವನ ಸಾವಿಗೂ ನಂಟಿತ್ತೇ ಎಂಬ ವಾದ ಬೇರೆ. ನನಗಂತೂ ಈ ಕಥೆಯ ಅಗತ್ಯವೇ ಕಾಣುವುದಿಲ್ಲ. ಹೆಸರಿಲ್ಲದ ನೂರಾರು ಡ್ರೈವರುಗಳ ಮುರಿದ ಮಣಿಕಟ್ಟು ಸಾಲದೆ, ಒಬ್ಬ ದೊಡ್ಡ ಮನುಷ್ಯ ಸತ್ತ ಮೇಲೆಯೇ ಕೆಲಸ ಶುರುವಾಯಿತು ಎಂದು ಹೇಳಬೇಕೆ?

ಲೆಲ್ಯಾಂಡನಿಗೆ ಸೆಲ್ಫ್ ಸ್ಟಾರ್ಟರ್ ಬೇಕಿತ್ತು ಎಂಬುದಂತೂ ನಿಜ. ಬಂದೂಕು ಕಾರ್ಖಾನೆಗಳಲ್ಲಿ ಕೆಲಸ ಕಲಿತಿದ್ದ ಮುದುಕ, ಕೂದಲೆಳೆಯಷ್ಟು ಅಳತೆ ತಪ್ಪಿದರೂ ಸಹಿಸದವನು. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನು ಕಲಸಿ, ಮತ್ತೆ ಮೂರು ಕಾರು ಜೋಡಿಸಿ 500 ಮೈಲಿ ಓಡಿಸಿ ತೋರಿಸಿದ್ದರು. ಅದಕ್ಕಾಗಿ ಡ್ಯೂವರ್ ಟ್ರೋಫಿ ಬಂದಿತ್ತು. ಅಂಥ ಕಾರಿನ ಮೂತಿಗೆ ಇನ್ನೂ ಒಂದು ಕಬ್ಬಿಣದ ಹ್ಯಾಂಡಲ್ ನೇತಾಡುವುದು ಅವನಿಗೆ ಸರಿಬಂದಿರಲಿಕ್ಕಿಲ್ಲ.

ಹ್ಯಾಂಡಲಿಗೆ ಬದಲಿಯನ್ನು ಹುಡುಕಿದವರಲ್ಲಿ ಅವನೇನೂ ಮೊದಲಿಗನಲ್ಲ. ಒತ್ತಿಟ್ಟ ಗಾಳಿಯನ್ನು ಸಿಲಿಂಡರಿಗೆ ಬಿಟ್ಟು ನೋಡಿದ್ದರು. ಗಡಿಯಾರದ ಹಾಗೆ ದೊಡ್ಡ ಸ್ಪ್ರಿಂಗಿಗೆ ಕೀ ಕೊಟ್ಟು ನೋಡಿದ್ದರು. ಕಾರಿನ ದೀಪಕ್ಕೆಂದು ಇಟ್ಟ ಅಸಿಟಿಲೀನ್ ಅನಿಲವನ್ನೇ ಸಿಲಿಂಡರಿಗೆ ಹಾಯಿಸಿ ಕಿಡಿ ಹೊತ್ತಿಸಿದವರೂ ಇದ್ದರು, ಧೈರ್ಯವಂತರು. ವಿದ್ಯುತ್ ಮೋಟಾರಿನ ಯೋಚನೆಯೂ ಹಳೆಯದೇ. 1896ರಲ್ಲೇ ಇಂಗ್ಲೆಂಡಿನಲ್ಲಿ ಡೌಸಿಂಗ್ ಎಂಬ ಎಂಜಿನಿಯರ್ ಆರ್ನಲ್ಡ್ ಎಂಬ ಕಾರಿಗೆ ಒಂದನ್ನು ಕೂಡಿಸಿದ್ದ. ಅಮೆರಿಕದ ಕ್ಲೈಡ್ ಕೋಲ್‌ಮನ್‌ಗೆ 1903ರಲ್ಲಿ ಪೇಟೆಂಟ್ ಸಿಕ್ಕಿತ್ತು. ಆದರೆ ದಿನನಿತ್ಯದ ಬಳಕೆಗೆ ಯಾವುದೂ ನಿಲ್ಲಲಿಲ್ಲ.

ಎಲ್ಲರೂ ಮುಗ್ಗರಿಸುತ್ತಿದ್ದುದು ಒಂದೇ ಲೆಕ್ಕದಲ್ಲಿ. 1912ರ ಕ್ಯಾಡಿಲಾಕ್ ಎಂಜಿನ್ 4 ಸಿಲಿಂಡರಿನದು, ಸುಮಾರು 4.7 ಲೀಟರ್. ಅಂದರೆ ಅದರ ಒಂದೊಂದು ಸಿಲಿಂಡರೂ ನಮ್ಮ ಮಾರುತಿ 800ರ ಇಡೀ ಎಂಜಿನ್ನಿಗಿಂತ ದೊಡ್ಡದು. ಅದನ್ನು ಚಳಿಯಲ್ಲಿ, ಎಣ್ಣೆ ಗಟ್ಟಿಯಾಗಿರುವಾಗ ತಿರುಗಿಸಲು ಬೇಕಾದ ಶಕ್ತಿಯನ್ನು ಲೆಕ್ಕ ಹಾಕಿ, ಅಷ್ಟು ಶಕ್ತಿಯ ಮೋಟಾರನ್ನು ಕ್ಯಾಟಲಾಗಿನಲ್ಲಿ ಹುಡುಕಿದರೆ ಸಿಗುತ್ತಿದ್ದುದು ಕಾರಿನಲ್ಲಿ ಇಡಲಾಗದಷ್ಟು ಭಾರದ್ದು. ಅದಕ್ಕೆ ತಕ್ಕ ಬ್ಯಾಟರಿ ಇನ್ನೂ ಭಾರ. ಲೆಕ್ಕದಲ್ಲೇನೂ ತಪ್ಪಿರಲಿಲ್ಲ. ಪ್ರಶ್ನೆಯೇ ಅರ್ಧ ಕೇಳಿದ್ದಾಗಿತ್ತು.

ಪೂರ್ತಿ ಕೇಳಿದವನು ಚಾರ್ಲ್ಸ್ ಕೆಟರಿಂಗ್. 1876ರಲ್ಲಿ ಒಹಾಯೊದ ಒಂದು ಹಳ್ಳಿಗಾಡಿನ ರೈತ ಕುಟುಂಬದಲ್ಲಿ ಹುಟ್ಟಿದವನು. ಕಣ್ಣಿನ ತೊಂದರೆಯಿಂದ ಓದು ಮತ್ತೆ ಮತ್ತೆ ನಿಂತು, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಪದವಿ ಕೈಗೆ ಬರುವಷ್ಟರಲ್ಲಿ 1904 ಆಗಿತ್ತು. ಮೊದಲ ಕೆಲಸ ಕಾರಿನದ್ದಲ್ಲ, ಗಲ್ಲಾಪೆಟ್ಟಿಗೆಯದ್ದು. ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ, ಕೈಯಿಂದ ತಿರುಗಿಸುವ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟಾರು ಅಳವಡಿಸುವ ಹೊಣೆ ಅವನ ಮೇಲೆ ಬಿತ್ತು. ಪೆಟ್ಟಿಗೆಯೊಳಗೆ ಜಾಗ ಇಷ್ಟೇ ಇಷ್ಟು. ಅಲ್ಲಿ ಅವನಿಗೆ ಹೊಳೆದದ್ದು: ಗಿರಾಕಿ ಬಂದಾಗ ಮೋಟಾರು ಒಂದು ಕ್ಷಣ ತಿರುಗಿದರೆ ಸಾಕು, ಮುಂದಿನ ಗಿರಾಕಿ ಬರುವವರೆಗೆ ಅದಕ್ಕೆ ವಿಶ್ರಾಂತಿ. ಇಡೀ ದಿನ ದುಡಿಯುವ ಮೋಟಾರು ಇಲ್ಲಿ ಯಾಕೆ ಬೇಕು?

ಸ್ವಲ್ಪ ನಿಧಾನವಾಗಿ ನೋಡೋಣ, ಥಾಣೆಯವರ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ. ಮೋಟಾರೊಂದು ಇಷ್ಟೇ ದೊಡ್ಡದಿರಬೇಕೆಂದು ಹೇಳುವುದು ಬಹುಮಟ್ಟಿಗೆ ಅದರ ಬಿಸಿ. ತಂತಿಯಲ್ಲಿ ವಿದ್ಯುತ್ ಹರಿದರೆ ಬಿಸಿಯಾಗುತ್ತದೆ. ವಿದ್ಯುತ್ತನ್ನು ಎರಡು ಪಟ್ಟು ಮಾಡಿದರೆ ಬಿಸಿ ನಾಲ್ಕು ಪಟ್ಟು. ಮಿತಿ ಮೀರಿದರೆ ತಂತಿಯ ಹೊದಿಕೆ ಸುಟ್ಟು ಮೋಟಾರು ಕೆಡುತ್ತದೆ. ನಿಮ್ಮ ಸೊಸೈಟಿಯ ಟ್ಯಾಂಕಿಗೆ ನೀರೆತ್ತುವ ಒಂದು ಕುದುರೆಶಕ್ತಿಯ ಪಂಪಿನ ಮೋಟಾರು ಗಂಟೆಗಟ್ಟಲೆ ಓಡಬೇಕು. ಆ ಬಿಸಿಯನ್ನು ಹೊರಹಾಕಲು ಅದಕ್ಕೆ ಕಬ್ಬಿಣ, ತಾಮ್ರ, ಫ್ಯಾನು ಎಲ್ಲ ಬೇಕು, ತೂಕ ಹತ್ತು ಕಿಲೋ ದಾಟುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಕ್ತಿಯ ಸಣ್ಣ ಕಾರಿನ ಸೆಲ್ಫ್ ಮೋಟಾರು ಮೂರು-ನಾಲ್ಕು ಕಿಲೋ ಇರುತ್ತದೆ. ಬಿಸಿ ಇದರಲ್ಲೂ ಹುಟ್ಟುತ್ತದೆ, ಇನ್ನೂ ಜೋರಾಗಿಯೇ ಹುಟ್ಟುತ್ತದೆ. ಆದರೆ ಲೋಹ ಕಾಯಲು ಸಮಯ ಬೇಕಲ್ಲ! ಅಷ್ಟರಲ್ಲಿ ಎಂಜಿನ್ ಹತ್ತಿಕೊಂಡಿರುತ್ತದೆ.

ನಮ್ಮ ಅವ್ವ ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚುತ್ತಿದ್ದಳು. ಬೆರಳು ಸುಡುತ್ತಿರಲಿಲ್ಲ, ಏಕೆಂದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ಅದೇ ಕೈಯನ್ನು ಹತ್ತೆಣಿಸುವವರೆಗೆ ಇಟ್ಟಿದ್ದರೆ? ಸೆಲ್ಫನ್ನು ಒಂದೇ ಸಮನೆ ಹತ್ತು-ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಬಿಡುವು ಕೊಡಿ ಎಂದು ಕಾರಿನ ಕೈಪಿಡಿಯಲ್ಲಿ ಬರೆದಿರುವುದು ಇದಕ್ಕೇ. ಅದು ಬ್ಯಾಟರಿಯನ್ನು ಉಳಿಸಲು ಮಾತ್ರ ಎಂದು ಬಹಳ ಜನ ಅಂದುಕೊಂಡಿದ್ದಾರೆ.

ಇದಕ್ಕೆ ಇನ್ನೊಂದು ಅನುಕೂಲವೂ ಕೂಡಿಬಂತು. ಸೀರೀಸ್ ಮೋಟಾರು ಎಂಬ ಬಗೆಯ ಮೋಟಾರು ನಿಂತಿರುವಾಗಲೇ ಅತಿ ಹೆಚ್ಚು ಬಲದಿಂದ ತಿರುಚುತ್ತದೆ. ತಿರುಗತೊಡಗಿದ ಮೇಲೆ ಅದರೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿ ವಿದ್ಯುತ್ತನ್ನು ತಗ್ಗಿಸುತ್ತದೆ. ನಿಂತ ಎಂಜಿನ್ನನ್ನು ಕದಲಿಸುವ ಮೊದಲ ಕ್ಷಣಕ್ಕೇ ಬಲ ಹೆಚ್ಚು ಬೇಕು, ಇದು ಆಗಲೇ ಹೆಚ್ಚು ಕೊಡುತ್ತದೆ. ಹೇಳಿ ಮಾಡಿಸಿದ ಜೋಡಿ.

ಕೆಟರಿಂಗ್ 1909ರಲ್ಲಿ ಕ್ಯಾಶ್ ರಿಜಿಸ್ಟರ್ ಕೆಲಸ ಬಿಟ್ಟು, ಅದೇ ಕಂಪನಿಯ ಎಡ್ವರ್ಡ್ ಡೀಡ್ಸ್ ಜೊತೆ ಸೇರಿ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಕಟ್ಟಿದ. ಅದರ ಮೊದಲಕ್ಷರಗಳೇ ‘ಡೆಲ್ಕೊ’. ಲ್ಯಾಬೊರೇಟರಿ ಎಂದರೆ ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆ. ಹಗಲು ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ದುಡಿದು ರಾತ್ರಿ ಕೊಟ್ಟಿಗೆಗೆ ಬರುತ್ತಿದ್ದ ಗೆಳೆಯರಿಗೆ ‘ಕೊಟ್ಟಿಗೆ ಗ್ಯಾಂಗ್’ ಎಂದೇ ಹೆಸರು. ಅವರಲ್ಲಿ ವಿಲಿಯಂ ಕ್ರಿಸ್ಟ್ ಮುಖ್ಯನಾದವನು. ಪೇಟೆಂಟಿನ ಮೇಲೆ ಕೆಟರಿಂಗ್ ಹೆಸರಿದೆ ನಿಜ, ಆದರೆ ಇದು ಒಬ್ಬನೇ ಕೂತು ಮಾಡಿದ ಕೆಲಸವಲ್ಲ. ಲೆಲ್ಯಾಂಡನಿಗೆ ಅವರ ಪರಿಚಯ ಮೊದಲೇ ಇತ್ತು, ಅವರ ಬ್ಯಾಟರಿ ಇಗ್ನಿಶನ್ ಕ್ಯಾಡಿಲಾಕಿನಲ್ಲಿ ಬಳಕೆಗೆ ಬಂದಿತ್ತು. ಮುಂದಿನ ಕೆಲಸ ಸ್ಟಾರ್ಟರ್.

ಸಣ್ಣ ಮೋಟಾರು ಸಾಕು ಎಂದು ಹೊಳೆದದ್ದು ಒಂದು ಗಳಿಗೆಯ ಮಾತು. ಅದನ್ನು ಕಾರಿಗೆ ಕೂಡಿಸುವುದು ಕೊಟ್ಟಿಗೆಯವರನ್ನು ತಿಂಗಳುಗಟ್ಟಲೆ ಕಾಡಿತು. ನನ್ನಂಥ ಗೇರು-ಶಾಫ್ಟುಗಳ ನಡುವೆ ಬದುಕು ಕಳೆದವನಿಗೆ ಈ ಭಾಗವೇ ಹೆಚ್ಚು ರುಚಿ.

ಮೊದಲು ಗೇರಿನದು. ಸಣ್ಣ ಮೋಟಾರು ಜೋರಾಗಿ ತಿರುಗಿದರೆ ಮಾತ್ರ ಶಕ್ತಿ ಕೊಟ್ಟೀತು. ಆದ್ದರಿಂದ ಫ್ಲೈವೀಲಿನ ಅಂಚಿಗೆ ಹಲ್ಲು ಕೊಯ್ದು, ಮೋಟಾರಿನ ಪುಟ್ಟ ಗೇರನ್ನು ಅದಕ್ಕೆ ಕೂಡಿಸಬೇಕು. ಇಂದಿನ ಕಾರುಗಳಲ್ಲಿ ಪುಟ್ಟ ಗೇರು ಹತ್ತು-ಹದಿನೈದು ಸುತ್ತು ಹಾಕಿದರೆ ಫ್ಲೈವೀಲ್ ಒಂದು ಸುತ್ತು. ಎಂಜಿನ್ ಹತ್ತಿಕೊಂಡ ಗಳಿಗೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಈಗ ಫ್ಲೈವೀಲೇ ಮೋಟಾರನ್ನು ತಿರುಗಿಸತೊಡಗುತ್ತದೆ. ಎಂಜಿನ್ ನಿಮಿಷಕ್ಕೆ 1,000 ಸುತ್ತು ಹಾಕಿದರೆ ಮೋಟಾರು 15,000 ಸುತ್ತು. ಆ ವೇಗಕ್ಕೆ ಆರ್ಮೇಚರಿನ ತಂತಿಗಳು ಕಿತ್ತುಕೊಂಡು ಹೊರಗೆ ಹಾರುತ್ತವೆ. ಹಾಗಾಗಿ ಎಂಜಿನ್ ಮುಂದೋಡಿದ ಕೂಡಲೇ ಮೋಟಾರನ್ನು ಬಿಟ್ಟುಬಿಡುವ ಕ್ಲಚ್ ಬೇಕು. ಸೈಕಲ್ಲಿನ ಹಿಂದಿನ ಚಕ್ರದ ಫ್ರೀವೀಲ್ ನೆನಪಿಸಿಕೊಳ್ಳಿ: ಪೆಡಲ್ ಚಕ್ರವನ್ನು ತಿರುಗಿಸುತ್ತದೆ, ಇಳಿಜಾರಿನಲ್ಲಿ ಚಕ್ರ ಪೆಡಲನ್ನು ತಿರುಗಿಸುವುದಿಲ್ಲ. ಅದೇ ತತ್ವ.

ಹಲ್ಲಿಗೆ ಹಲ್ಲು ಕೂಡಿಸುವುದೂ ಸುಲಭವಲ್ಲ. ಪೂರ್ತಿ ವೇಗದಲ್ಲಿರುವ ಗೇರನ್ನು ನಿಂತ ಫ್ಲೈವೀಲಿಗೆ ತಗಲಿಸಿದರೆ ಹಲ್ಲು ಉದುರುತ್ತದೆ. ಎರಡೂ ನಿಂತಿರುವಾಗ ಹಲ್ಲಿನ ತುದಿಗೆ ತುದಿ ಸಿಕ್ಕಿದರೆ ಒಳಗೆ ಹೋಗುವುದೇ ಇಲ್ಲ. ಡೆಲ್ಕೊದವರು ಮೊದಲು ಸ್ವಲ್ಪವೇ ವಿದ್ಯುತ್ ಕೊಟ್ಟು ಮೋಟಾರನ್ನು ಮೆಲ್ಲಗೆ ತೆವಳಿಸಿ, ಹಲ್ಲು ಕೂಡಿದ ಮೇಲೆ ಪೂರ್ತಿ ವಿದ್ಯುತ್ ಬಿಡುವ ದಾರಿ ಹಿಡಿದರು.

ಇನ್ನು ವಿದ್ಯುತ್ತಿನ ಲೆಕ್ಕ. ಉದಾಹರಣೆಗೆ ಮೋಟಾರಿಗೆ 1,500 ವ್ಯಾಟ್ ಬೇಕು ಎಂದಿಟ್ಟುಕೊಳ್ಳಿ. 6 ವೋಲ್ಟ್ ಬ್ಯಾಟರಿಯಿಂದ ಪಡೆದರೆ 250 ಆಂಪಿಯರ್ ಹರಿಯಬೇಕು. ತಂತಿ, ಸ್ವಿಚ್ಚು, ಕೀಲುಗಳಲ್ಲಿ ಎಲ್ಲ ಸೇರಿ ಒಂದು ಓಮಿನ ನೂರರಲ್ಲೊಂದು ಭಾಗ ತಡೆ ಇದ್ದರೂ 625 ವ್ಯಾಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಅದೇ 24 ವೋಲ್ಟಿನಲ್ಲಾದರೆ 62.5 ಆಂಪಿಯರ್ ಸಾಕು, ನಷ್ಟ ಬರೀ 39 ವ್ಯಾಟ್. ಹದಿನಾರರಲ್ಲೊಂದು ಪಾಲು! ಹಾಗಾದರೆ ಎಲ್ಲಕ್ಕೂ 24 ವೋಲ್ಟೇ ಇಡಬಹುದಿತ್ತಲ್ಲ? ದೀಪಗಳದ್ದು ಅಡ್ಡಿ. 24 ವೋಲ್ಟಿನ ಸಣ್ಣ ಬಲ್ಬಿಗೆ ತೆಳ್ಳಗಿನ ಉದ್ದ ತಂತು ಬೇಕು, ಆ ಕಾಲದ ರಸ್ತೆಯ ಕುಲುಕಾಟಕ್ಕೆ ಅದು ಬಾಳುವಂಥದ್ದಲ್ಲ. 6 ವೋಲ್ಟಿನ ತಂತು ದಪ್ಪ, ಗಟ್ಟಿ.

ಕೊಟ್ಟಿಗೆಯವರು ಎರಡನ್ನೂ ಇಟ್ಟುಕೊಂಡರು. ಬ್ಯಾಟರಿಯನ್ನು ಭಾಗ ಮಾಡಿ, ಸ್ಟಾರ್ಟ್ ಮಾಡುವಾಗ ಒಂದರ ಹಿಂದೊಂದು ಜೋಡಿಸಿ 24 ವೋಲ್ಟ್, ಎಂಜಿನ್ ಓಡುವಾಗ ಅಕ್ಕಪಕ್ಕ ಜೋಡಿಸಿ 6 ವೋಲ್ಟ್ ಎಂದು ಬದಲಿಸುವ ಸ್ವಿಚ್ಚು ಮಾಡಿದರು. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ಅತಿ ತೊಡಕಿನ ಭಾಗ ಇದೇ. ಎಷ್ಟೊಂದು ಸಂಪರ್ಕದ ತುದಿಗಳು, ಒಂದೊಂದೂ ಕಿಡಿ ಹಾರಿ ಕರಗಬಹುದಾದ ಜಾಗ. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟು, ದಪ್ಪ ತಂತಿ ಹಾಕಿ ಎಲ್ಲಕ್ಕೂ 6 ವೋಲ್ಟ್ ಎಂದು ಮಾಡಿಬಿಟ್ಟರು. ಅಮೆರಿಕದ ಕಾರುಗಳು 12 ವೋಲ್ಟಿಗೆ ಬಂದದ್ದು 1950ರ ದಶಕದಲ್ಲಿ.

ಇಷ್ಟಾದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಬ್ಯಾಟರಿಯನ್ನು ಮತ್ತೆ ತುಂಬುವವರು ಯಾರು? ದಿನಾ ಬಿಚ್ಚಿಕೊಂಡು ಹೋಗಿ ಚಾರ್ಜ್ ಮಾಡಿಸಬೇಕೆಂದರೆ ಹ್ಯಾಂಡಲೇ ವಾಸಿ. ಡೆಲ್ಕೊದವರ ಉತ್ತರ ಜಾಣತನದ್ದು: ಮೋಟಾರು ಮತ್ತು ಡೈನಮೊ ಒಂದೇ ಯಂತ್ರ. ಸ್ಟಾರ್ಟ್ ಮಾಡುವಾಗ ಅದು ಎಂಜಿನ್ನನ್ನು ತಿರುಗಿಸುತ್ತದೆ, ಆಮೇಲೆ ಎಂಜಿನ್ ಅದನ್ನು ತಿರುಗಿಸಿ ಬ್ಯಾಟರಿ ತುಂಬಿಸುತ್ತದೆ. ಹೇಳಲು ಒಂದು ವಾಕ್ಯ. ಮಾಡಲು, ಒಂದೇ ಕಬ್ಬಿಣದ ಮೇಲೆ ಎರಡು ಕೆಲಸಕ್ಕೆ ಎರಡು ಬಗೆಯ ಸುತ್ತು, ಎರಡು ಬೇರೆ ಗೇರು ದಾರಿ, ಎರಡಕ್ಕೂ ಕ್ಲಚ್. ಎಂಜಿನ್ ಜೋರಾದರೆ ಡೈನಮೊ ಬ್ಯಾಟರಿಯನ್ನು ಕುದಿಸದಂತೆ ತಡೆ ಬೇಕು. ಎಂಜಿನ್ ನಿಧಾನವಾದರೆ ಬ್ಯಾಟರಿಯ ವಿದ್ಯುತ್ ಡೈನಮೊ ಕಡೆಗೆ ಹಿಂದಕ್ಕೆ ಸೋರದಂತೆ ತಾನಾಗಿ ಕತ್ತರಿಸುವ ಏರ್ಪಾಡು ಬೇಕು. ಮೋಟಾರು ಹುಡುಕಲು ಹೊರಟವರು ಕಾರಿನೊಳಗೆ ಒಂದು ಪುಟ್ಟ ವಿದ್ಯುತ್ ಕೇಂದ್ರವನ್ನೇ ಕಟ್ಟಬೇಕಾಯಿತು. ಸ್ಟಾರ್ಟರ್, ದೀಪ, ಇಗ್ನಿಶನ್ ಮೂರಕ್ಕೂ ಅದೇ ಮೂಲ. ಅದುವರೆಗೆ ರಾತ್ರಿ ಪ್ರಯಾಣವೆಂದರೆ ಇಳಿದು ಬಂದು ಅಸಿಟಿಲೀನ್ ದೀಪಕ್ಕೆ ಕಡ್ಡಿ ಗೀರುವುದಿತ್ತು.

1911ರ ಫೆಬ್ರವರಿಯಲ್ಲಿ ಮೊದಲ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಕೂತಿತು. ಏಪ್ರಿಲಿನಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು, ಅದು ಕೈಗೆ ಬಂದದ್ದು 1915ರ ಆಗಸ್ಟಿನಲ್ಲಿ. ಲೆಲ್ಯಾಂಡ್ ಕಾಯುವ ಪೈಕಿ ಅಲ್ಲ. 1912ರ ಮಾದರಿಯ ಎಲ್ಲ ಕಾರುಗಳಲ್ಲೂ ಇದು ಇರಬೇಕೆಂದ. ಆ ಮಾದರಿಯ ಸುಮಾರು 14 ಸಾವಿರ ಕಾರುಗಳು ತಯಾರಾದವು. ಹೊಸದನ್ನು ಕಂಡುಹಿಡಿದು ಬೇರೆಯವರಿಂದ ಮಾಡಿಸುವುದಷ್ಟೇ ತಮ್ಮ ಕೆಲಸ ಎಂದುಕೊಂಡಿದ್ದ ಕೊಟ್ಟಿಗೆಯವರು ಈಗ ತಾವೇ ಕಾರ್ಖಾನೆ ತೆರೆಯಬೇಕಾಯಿತು. ‘ಹ್ಯಾಂಡಲ್ ಇಲ್ಲದ ಕಾರು’ ಎಂದು ಕ್ಯಾಡಿಲಾಕ್ ಪ್ರಚಾರ ಮಾಡಿತು. ಇಂಗ್ಲೆಂಡಿನ ಡ್ಯೂವರ್ ಟ್ರೋಫಿ ಎರಡನೆಯ ಬಾರಿ ಅವರ ಪಾಲಾಯಿತು.

ಆಗಿನ ಬೀದಿಗಳಲ್ಲಿ ಬ್ಯಾಟರಿ ಕಾರುಗಳೂ ಓಡಾಡುತ್ತಿದ್ದವು ಎಂಬುದು ಈಗಿನ ಮಕ್ಕಳಿಗೆ ಆಶ್ಚರ್ಯದ ಸಂಗತಿ. ಹೊಗೆಯಿಲ್ಲ, ಸದ್ದಿಲ್ಲ, ಹ್ಯಾಂಡಲಿಲ್ಲ ಎಂದು ಅನುಕೂಲಸ್ಥರ ಮನೆಯ ಹೆಂಗಸರು ಅವನ್ನೇ ಇಷ್ಟಪಡುತ್ತಿದ್ದರು. ಸ್ವತಃ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರನ್ನು. ಗಂಡನ ಕಾರ್ಖಾನೆಯ ಮಾಡೆಲ್ ಟಿ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದದ್ದು 1919ರಲ್ಲಿ! ಪೆಟ್ರೋಲ್ ಕಾರಿಗೂ ಸೆಲ್ಫ್ ಬಂದ ಮೇಲೆ ಬ್ಯಾಟರಿ ಕಾರಿನ ದೊಡ್ಡ ಆಕರ್ಷಣೆಯೊಂದು ಹೋಯಿತು. ವಿದ್ಯುತ್ ಮೋಟಾರೇ ವಿದ್ಯುತ್ ಕಾರನ್ನು ಕೊಂದಿತು ಎಂದು ಕೆಲವರು ಬರೆಯುತ್ತಾರೆ. ಅಷ್ಟು ಸರಳವಲ್ಲ ಅದು. ಬ್ಯಾಟರಿ ಕಾರಿನ ಬೆಲೆ ಹೆಚ್ಚಿತ್ತು, ದೂರ ಹೋಗಲು ಆಗುತ್ತಿರಲಿಲ್ಲ, ಇನ್ನೊಂದು ಕಡೆ ಮಾಡೆಲ್ ಟಿ ಬೆಲೆ ವರ್ಷವರ್ಷ ಇಳಿಯುತ್ತಿತ್ತು. ಸೆಲ್ಫ್ ಕೊನೆಯ ಮೊಳೆಗಳಲ್ಲೊಂದು, ಅಷ್ಟೆ.

ಕೆಟರಿಂಗನನ್ನು ಹೊಗಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. ಮುಂದೆ ಜನರಲ್ ಮೋಟಾರ್ಸ್‌ನ ಸಂಶೋಧನಾ ವಿಭಾಗದ ಮುಖ್ಯಸ್ಥನಾದ ಅವನ ಕೈಕೆಳಗೇ, 1921ರಲ್ಲಿ, ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಕಂಡುಹಿಡಿದದ್ದು. ಎಂಜಿನ್ನಿನ ‘ಟಣಟಣ’ ನಿಂತಿತು. ಆ ಸೀಸದ ಹೊಗೆಯನ್ನು ನಮ್ಮ ದೇಶದ ಪೇಟೆಗಳು 2000ದವರೆಗೂ ಉಸಿರಾಡಿದವು. ಡ್ರೈವರುಗಳ ಮಣಿಕಟ್ಟು ಉಳಿಸಿದವನ ಲೆಕ್ಕದ ಪುಸ್ತಕದಲ್ಲಿ ಈ ಪುಟವೂ ಇದೆ.

ಒಂದೇ ಯಂತ್ರದಲ್ಲಿ ಎರಡು ಕೆಲಸ ಎಂಬ ಡೆಲ್ಕೊ ವಿನ್ಯಾಸ ಬಹಳ ಕಾಲ ನಿಲ್ಲಲಿಲ್ಲ. ಸ್ಟಾರ್ಟರಿಗೆ ಬೇಕಾದದ್ದು ಕ್ಷಣಕಾಲದ ಬಲ, ಡೈನಮೊಗೆ ಬೇಕಾದದ್ದು ದಿನವಿಡೀ ದುಡಿಯುವ ತಾಳ್ಮೆ. ಎರಡನ್ನೂ ಬೇರೆ ಬೇರೆ ಮಾಡಿದರೆ ಎರಡೂ ಅಗ್ಗ. ಅಷ್ಟರಲ್ಲಿ ವಿನ್ಸೆಂಟ್ ಬೆಂಡಿಕ್ಸ್ ಎಂಬಾತ ಹಲ್ಲು ಕೂಡಿಸುವ ಕೆಲಸವನ್ನು ಅತಿ ಸರಳಗೊಳಿಸಿದ್ದ. ಮೋಟಾರಿನ ಶಾಫ್ಟಿನ ಮೇಲೆ ಸ್ಕ್ರೂವಿನಂಥ ಎಳೆ, ಅದರ ಮೇಲೆ ನಟ್ಟಿನಂತೆ ಕೂತ ಪುಟ್ಟ ಗೇರು. ಮೋಟಾರು ಥಟ್ಟನೆ ತಿರುಗಿದಾಗ ಗೇರು ತನ್ನ ಜಡತೆಯಿಂದ ಹಿಂದುಳಿದು, ಎಳೆಯ ಮೇಲೆ ಜಾರಿ ಮುಂದೆ ಹೋಗಿ ಫ್ಲೈವೀಲಿಗೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಹತ್ತಿಕೊಂಡರೆ ಅದೇ ಎಳೆಯ ಮೇಲೆ ತಾನಾಗಿ ಹಿಂದೆ ಬರುತ್ತದೆ. ಇವತ್ತಿನ ಕಾರುಗಳಲ್ಲಿ ಆ ಕೆಲಸವನ್ನು ಸಾಲಿನಾಯ್ಡ್ ಮಾಡುತ್ತದೆ, ಕೀ ತಿರುಗಿಸಿದಾಗ ಕೇಳುವ ‘ಟಕ್’ ಅದರದ್ದೇ. ಆದರೂ ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಆ ಭಾಗ ಇನ್ನೂ ಬೆಂಡಿಕ್ಸೇ. ‘ಸೆಲ್ಫ್ ಸರಿ ಇದೆ ಸಾರ್, ಬೆಂಡಿಕ್ಸ್ ಹೋಗಿದೆ’ ಎಂದರೆ ಮೋಟಾರು ಗರ್ರೆಂದು ಒಬ್ಬಂಟಿಯಾಗಿ ತಿರುಗುತ್ತಿದೆ, ಎಂಜಿನ್ನನ್ನು ಹಿಡಿಯುತ್ತಿಲ್ಲ ಎಂದರ್ಥ.

ಚೆನ್ನೈನ ಓದುಗರಿಗೆ ಪಾಡಿಯ ಲೂಕಾಸ್-ಟಿವಿಎಸ್ ಕಾರ್ಖಾನೆ ಗೊತ್ತಿರುತ್ತದೆ. 1961ರಲ್ಲಿ ಶುರುವಾದ ಆ ಕಂಪನಿ ನಮ್ಮ ದೇಶದ ಅದೆಷ್ಟೋ ವಾಹನಗಳಿಗೆ ಸ್ಟಾರ್ಟರ್ ಕೊಟ್ಟಿದೆ. ಈಗ ಬ್ಯಾಟರಿ ಕಾರುಗಳು ಮರಳಿ ಬರುತ್ತಿವೆ, ಅವುಗಳಲ್ಲಿ ಸೆಲ್ಫ್ ಇಲ್ಲವೇ ಇಲ್ಲ. ಪೆಟ್ರೋಲ್ ವಾಹನಗಳಲ್ಲೋ ಕೊಟ್ಟಿಗೆಯ ಹಳೆಯ ವಿನ್ಯಾಸ ಮತ್ತೆ ತಲೆಯೆತ್ತಿದೆ. ಮಾರುತಿಯ ಸ್ಮಾರ್ಟ್ ಹೈಬ್ರಿಡ್ ಕಾರುಗಳಲ್ಲಿ ಬೆಲ್ಟಿಗೆ ಕೂಡಿಸಿದ ಒಂದೇ ಯಂತ್ರ ಸ್ಟಾರ್ಟರೂ ಹೌದು, ಜನರೇಟರೂ ಹೌದು. 2020ರ ಆಕ್ಟಿವಾ 6ಜಿ ಸ್ಕೂಟರಿನಲ್ಲೂ ಹಾಗೆಯೇ. ಅದನ್ನು ಓಡಿಸುವವರು ನಾಳೆ ಬೆಳಿಗ್ಗೆ ಬಟನ್ ಒತ್ತುವಾಗ ಕಿವಿಗೊಟ್ಟು ಕೇಳಿ. ಹಲ್ಲಿಗೆ ಹಲ್ಲು ಕೂಡುವ ಆ ‘ಕರ್ರ್’ ಸದ್ದು ಇರುವುದಿಲ್ಲ, ಕೂಡಲು ಅಲ್ಲಿ ಹಲ್ಲುಗಳೇ ಇಲ್ಲ.

ಡೈನಮೊ ಹೋಗಿ ಆಲ್ಟರ್ನೇಟರ್ ಬಂದ ಕಥೆ ಮುಂದಿನ ತಿಂಗಳಿಗಿರಲಿ.